ನಾನು ಉಜ್ಜಿದ ಟೈರನೋಸಾರ್ ಹಲ್ಲು

ನನ್ನ ಕೈಯಿಂದ ಹೊರಬಿದ್ದ ಹಲ್ಲು ಇವತ್ತಿನವರೆಗೂ ಯಾರ ನಾಲಿಗೆಯನ್ನೂ ಗೀರಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ. ಮೂವತ್ತು ವರ್ಷ ಒಂದೇ ಕೆಲಸ ಮಾಡಿದವಳಿಗೆ ಅಷ್ಟು ಜಂಬವೂ ಇರದಿದ್ದರೆ ಹೇಗೆ? ಮಿರಜದಲ್ಲಿ ಆಸ್ಪತ್ರೆಗಳ ಬೀದಿಯ ಹಿಂದೆ, ಸಿತಾರ ಮಾಡುವವರ ಓಣಿಗೆ ಹೋಗುವ ತಿರುವಿನಲ್ಲಿ ನನ್ನದೊಂದು ಕೋಣೆ ಇದೆ. ಅಲ್ಲಿ ನಾನು ಕವಳಿ ಮಾಡುತ್ತೇನೆ. ಕವಳಿ ಎಂದರೆ ತೆಗೆದು ಹಾಕುವ ಹಲ್ಲಿನ ಸೆಟ್ಟು. ಮರಾಠಿ ಮಾತು, ಆದರೆ ಅಥಣಿ, ಜಮಖಂಡಿ ಕಡೆಯಿಂದ ಬರುವ ನಮ್ಮ ಮುದುಕ ಮುದುಕಿಯರೂ ಇಲ್ಲಿಗೆ ಬಂದ ಮೇಲೆ ಹಾಗೆಯೇ ಅನ್ನುತ್ತಾರೆ. ದಂತವೈದ್ಯರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ನಾನು ಮೇಣದಲ್ಲಿ ಹಲ್ಲು ಕೂರಿಸಿ, ಅಚ್ಚು ಹಾಕಿ, ಗುಲಾಬಿ ಬಣ್ಣದ ಒಸಡು ತುಂಬಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತೇನೆ. ಹೆಸರು ವೈದ್ಯರದು, ಬಾಯಿ ರೋಗಿಯದು, ಬೈಗುಳ ಮಾತ್ರ ನನಗೆ.

ಈ ಕೆಲಸ ಕಲಿಸಿದವರು ನನ್ನ ಸೋದರಮಾವ. ಅವರು ಹೇಳಿಕೊಟ್ಟಿದ್ದು ಎರಡೇ ಪಾಠ. ಮೊದಲನೆಯದು ಹತ್ತಿಯ ಪಾಠ. ಕೆಲಸ ಮುಗಿದ ಮೇಲೆ ಒಂದು ಹಿಡಿ ಹತ್ತಿ ತೆಗೆದುಕೊಂಡು ಸೆಟ್ಟಿನ ಮೇಲೆಲ್ಲ ಮೆಲ್ಲಗೆ ಸವರಬೇಕು. ಎಲ್ಲಿಯಾದರೂ ಒಂದು ಎಳೆ ಸಿಕ್ಕಿಕೊಂಡರೆ ಅಲ್ಲಿ ಒರಟು ಉಳಿದಿದೆ ಎಂದು ಅರ್ಥ, ಮತ್ತೆ ಉಜ್ಜಬೇಕು. ಕಣ್ಣು ಸುಳ್ಳು ಹೇಳುತ್ತದೆ, ಬೆರಳು ಸುಳ್ಳು ಹೇಳುತ್ತದೆ, ಹತ್ತಿ ಹೇಳುವುದಿಲ್ಲ. ಎರಡನೆಯದು ಕಚ್ಚುವ ಮುಖದ ಪಾಠ. ಹಳೆಯ ಸೆಟ್ಟು ರಿಪೇರಿಗೆ ಬಂದರೆ ಎಲ್ಲ ಕಡೆ ಉಜ್ಜು, ಆದರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿ ಸವೆದ ಜಾಗಕ್ಕೆ ಮಾತ್ರ ಉಜ್ಜುವ ಚಕ್ರ ತಾಗಿಸಬೇಡ. ಅದು ನೀನು ಮಾಡಿದ್ದಲ್ಲ, ಆ ಮನುಷ್ಯ ವರ್ಷಾನುಗಟ್ಟಲೆ ರೊಟ್ಟಿ ತಿಂದು ಮಾಡಿಕೊಂಡಿದ್ದು. ಅದನ್ನು ಅಳಿಸಿದರೆ ಅವನು ಒಂದು ತಿಂಗಳು ಅನ್ನ ಬಿಟ್ಟು ಬೇರೇನೂ ತಿನ್ನಲಾರ. ಮಾವ ಈಗಿಲ್ಲ. ಅವರ ಎರಡೂ ಪಾಠ ನನ್ನ ಕೈಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿವೆಯೆಂದರೆ, ಒಂದು ನನ್ನ ಮಾನ ಕಳೆಯಿತು, ಇನ್ನೊಂದು ಉಳಿಸಿತು. ಆ ಕಥೆಯನ್ನೇ ಹೇಳಲು ಕೂತಿದ್ದೇನೆ.

ನಾನು ಮದುವೆಯಾಗಲಿಲ್ಲ. ಮನೆಯಲ್ಲಿ ನಾನು, ನಮ್ಮ ಅವ್ವ. ಕವಲಾಪುರದಲ್ಲಿ ಅಣ್ಣ ಹೊಲ ನೋಡಿಕೊಳ್ಳುತ್ತಾನೆ. ಅವನ ಮಗಳು ಹತ್ತನೆಯದು ಮುಗಿಸಿ ಮಿರಜದ ಕಾಲೇಜಿಗೆ ಸೇರಿದಾಗ ನಮ್ಮ ಮನೆಗೆ ಬಂದಳು, ಐದು ವರ್ಷ ಇದ್ದಳು. ಕಾಲೇಜು ಬಿಟ್ಟ ಮೇಲೆ ಸೀದಾ ನನ್ನ ಕೋಣೆಗೆ ಬಂದು, ಪ್ಲಾಸ್ಟರ್ ಪುಡಿ ಬಿದ್ದ ಮೇಜಿನ ಮೂಲೆಯಲ್ಲಿ ಪುಸ್ತಕ ಇಟ್ಟುಕೊಂಡು ಓದುವಳು. ಬೇಜಾರಾದಾಗ ರಿಪೇರಿಗೆ ಬಂದ ಹಳೆಯ ಸೆಟ್ಟುಗಳನ್ನು ಕೈಗೆತ್ತಿಕೊಂಡು ಪ್ರಶ್ನೆ ಕೇಳುವಳು. ಇವರು ಒಂದೇ ಕಡೆ ಯಾಕೆ ಅಗಿಯುತ್ತಾರೆ? ಇಲ್ಲಿ ಯಾಕೆ ಕನ್ನಡಿಯ ಹಾಗೆ ಚಪ್ಪಟೆ, ಇಲ್ಲಿ ಯಾಕೆ ಗುಂಡಗೆ? ಹಲ್ಲಿಗೆ ಹಲ್ಲು ತಿಕ್ಕಿದರೆ ಚಪ್ಪಟೆಯಾಗಿ ಹೊಳೆಯುತ್ತದೆ, ತಿನ್ನುವ ಪದಾರ್ಥ ತಿಕ್ಕಿದರೆ ಅಂಚು ಗುಂಡಗಾಗುತ್ತದೆ ಎಂದು ನಾನು ಕೆಲಸ ಮಾಡುತ್ತಲೇ ಹೇಳುವೆ. ಹೇಳಿದ್ದು ಎಲ್ಲಿ ಹೋಗಿ ಬೀಳುತ್ತದೆ ಎಂದು ನನಗೇನು ಗೊತ್ತು?

ಮುಂದೆ ಅವಳು ಪುಣೆಗೆ ಹೋಗಿ ಹಳೆಯ ಕಾಲದ ಪ್ರಾಣಿಗಳ ವಿಷಯ ಓದತೊಡಗಿದಳು. ಅಷ್ಟಾದರೆ ಆಗಲಿ ಎನ್ನಬಹುದಿತ್ತು. ಅಷ್ಟೆಲ್ಲ ಪ್ರಾಣಿಗಳಲ್ಲಿ ಇವಳು ಆರಿಸಿಕೊಂಡಿದ್ದು ಟೈರನೋಸಾರನ್ನು, ಅದರಲ್ಲೂ ಅದರ ಹಲ್ಲನ್ನು. ನಾವು ಜೈನರು. ಸಂಜೆ ಸೂರ್ಯ ಮುಳುಗುವ ಮೊದಲೇ ಉಂಡು ಕೈ ತೊಳೆಯುವ ಮನೆ. ಸುದ್ದಿ ಕೇಳಿದ ದಿನ ಅವ್ವ ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡಳು.

"ನೀರ ಸೋಸಿ ಕುಡಿಯೋ ಮಂದಿ ನಾವು. ನೀ ಹೋಗಿ ಹೋಗಿ ಅಂಥಾ ಮಾಂಸಾ ತಿನ್ನೋದರ ಬೆನ್ನ ಹತ್ತೀಯಲ್ಲ?"

"ಆಯಿ, ಮೀ ಖಾತ ನಾಹೀ, ಫಕ್ತ ಅಭ್ಯಾಸ ಕರತೆ," ಎಂದಳು ಹುಡುಗಿ. ನಾನು ತಿನ್ನುವುದಿಲ್ಲ, ಅಭ್ಯಾಸ ಮಾಡುತ್ತೇನೆ ಅಷ್ಟೇ, ಎಂದು. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ, ವಾದಕ್ಕೆ ಇಳಿದರೆ ಮಾತ್ರ ಬಾಯಲ್ಲಿ ಮರಾಠಿಯೇ ಬರುವುದು. ಆಮೇಲೆ ಅಜ್ಜಿಯನ್ನು ಒಲಿಸಿಕೊಳ್ಳಲು ಕನ್ನಡಕ್ಕೆ ಬಂದಳು. "ಅದರ ಹಲ್ಲ ಬಿದ್ದಂಗ ಹೊಸಾವು ಬರತಿದ್ವು ಆಯಿ, ಸಾಯೋತನಾ."

"ಸಾಯೋತನಾ? ಪುಣ್ಯಾ ಮಾಡಿತ್ತ ಬಿಡು," ಎಂದಳು ಅವ್ವ. ಅಲ್ಲಿಂದ ಮುಂದೆ ಆ ಪ್ರಾಣಿಯ ಮೇಲೆ ನಮ್ಮ ಮನೆಯಲ್ಲಿ ದೂರು ಬರಲಿಲ್ಲ.

ಅವ್ವನಿಗೆ ಹಲ್ಲಿನ ಮಾತು ಎಲ್ಲಿ ತಾಗುತ್ತದೆ ಎಂದು ಹೇಳಬೇಕು. ಅವಳ ಬಾಯಲ್ಲಿರುವ ಸೆಟ್ಟು ನಾನೇ ಮಾಡಿದ್ದು, ಹನ್ನೆರಡು ವರ್ಷದ ಹಿಂದೆ. ಅದನ್ನು ಹಾಕದೆ ಅವಳು ಯಾರಿಗೂ ಮುಖ ತೋರಿಸಿದವಳಲ್ಲ. ಬೆಳಿಗ್ಗೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ತೊಳೆದು, ಹಾಕಿಕೊಂಡೇ ಹೊರಗೆ ಬರುವಳು. ಸೆಟ್ಟು ಮಾಡಿದ ನನಗೇ, ಅಳತೆ ನೋಡುವ ಹೊತ್ತು ಬಿಟ್ಟರೆ, ಅವಳ ಬೊಚ್ಚು ಬಾಯಿ ಕಂಡಿರಲಿಲ್ಲ. ಮೊಮ್ಮಗಳು ಐದು ವರ್ಷ ಅದೇ ಮನೆಯಲ್ಲಿದ್ದೂ ಒಮ್ಮೆಯೂ ನೋಡಿರಲಿಲ್ಲ. ಸೆಟ್ಟು ತೆಗೆದಾಗ ಯಾರಾದರೂ ಬಂದರೆ ಸೆರಗು ಬಾಯಿಗೆ.

ಹೋದ ವರ್ಷ ಹುಡುಗಿ ಫೋನ್ ಮಾಡಿ ಒಂದು ಸಭೆಯ ಸುದ್ದಿ ಹೇಳಿದಳು. ಟೈರನೋಸಾರ್ ಮೇಲೆ ಕೆಲಸ ಮಾಡುವವರೇ ಕೂಡುವ ಸಭೆಯಂತೆ. ಒಂದೇ ಪ್ರಾಣಿಯ ಕುಲದ ಮೇಲೆ ಎರಡು ದಿನ ಏನು ಮಾತಾಡುತ್ತಾರೆ ಎಂದೆ. ಜಗಳ ಆಡುತ್ತಾರೆ ಎಂದಳು. ಅದು ಬೇಟೆ ಆಡುತ್ತಿತ್ತೋ ಸತ್ತದ್ದನ್ನು ತಿನ್ನುತ್ತಿತ್ತೋ, ಅದು ಒಂದೇ ಜಾತಿಯೋ ಮೂರೋ, ಅದಕ್ಕೆ ಹಲ್ಲು ಮುಚ್ಚುವಷ್ಟು ತುಟಿ ಇತ್ತೋ ಇಲ್ಲವೋ. ತುಟಿಯ ಮಾತು ಕೇಳಿ ನನ್ನ ಕಿವಿ ನೆಟ್ಟಗಾಯಿತು. ತುಟಿ ಹಲ್ಲಿನ ಮೇಲೆ ಹೇಗೆ ಕೂರಬೇಕು ಎಂಬ ಒಂದೇ ವಿಷಯಕ್ಕೆ ನಾನು ಮಿರಜದ ಅರ್ಧ ದಂತವೈದ್ಯರ ಜೊತೆ ಜಗಳ ಆಡಿದ್ದೇನೆ. ಇವರು ನಮ್ಮ ಪೈಕಿಯವರೇ ಎನ್ನಿಸಿತು.

ಆ ಸಲದ ಸಭೆಯಲ್ಲಿ ದೂರದವರು ಪರದೆಯ ಮೇಲೆ ಸೇರಬಹುದಿತ್ತು. ಹುಡುಗಿ ಸಾಂಗ್ಲಿಯ ಒಂದು ಕಾಲೇಜಿನವರನ್ನು ಕಾಡಿ ಬೇಡಿ ಒಂದು ಹಾಲ್ ಗಿಟ್ಟಿಸಿದ್ದಳು. ಸುತ್ತಲಿನ ಶಿಕ್ಷಕರು, ವಿದ್ಯಾರ್ಥಿಗಳು ಅಲ್ಲಿ ಕೂತು ಕೇಳುವುದು, ಅಲ್ಲಿಂದಲೇ ಇವಳು ತನ್ನ ಮೊದಲ ಭಾಷಣ ಮಾಡುವುದು, ಪುಣೆಯಿಂದ ಇವಳ ಪ್ರೊಫೆಸರೂ ಬರುವುದು. ಅವಳಿಗೆ ಆ ಭಾಷಣ ಯಾಕೆ ಅಷ್ಟು ದೊಡ್ಡದು ಎಂದು ಆಗ ತಿಳಿಯಿತು. ಅವಳು ಇಲ್ಲಿಯವರೆಗೆ ಒಂದೇ ಒಂದು ನಿಜವಾದ ಟೈರನೋಸಾರ್ ಹಲ್ಲನ್ನು ಮುಟ್ಟಿರಲಿಲ್ಲ. ನಮ್ಮ ನೆಲದಲ್ಲಿ ಆ ಪ್ರಾಣಿ ಇರಲೇ ಇಲ್ಲ. ಅದರ ಕಾಲ ಮುಗಿಯುವ ಹೊತ್ತಿಗೆ ಇಲ್ಲಿ ಬೆಂಕಿಯ ರಾಡಿ ಹರಿಯುತ್ತಿತ್ತಂತೆ, ಕವಲಾಪುರದ ನಮ್ಮ ಬಾವಿಯಲ್ಲಿ ಸಿಕ್ಕ ಕರಿಕಲ್ಲು ಅದೇ ಅಂತೆ. ಇವಳ ಅಭ್ಯಾಸವೆಲ್ಲ ಫೋಟೊ ನೋಡಿ, ನಕಲು ನೋಡಿ. ಆ ಸಭೆಗೆ ಬರುವವರಲ್ಲಿ ಒಬ್ಬ ಹಿರಿಯ ಹೆಂಗಸು ದೂರದೇಶದ ಮ್ಯೂಜಿಯಮ್ಮಿನಲ್ಲಿ ನಿಜವಾದ ಹಲ್ಲುಗಳ ಕಪಾಟಿನ ಬೀಗದ ಕೈ ಇಟ್ಟುಕೊಂಡವರು. ಇವಳ ಕೆಲಸದಲ್ಲಿ ಹುರುಳಿದೆ ಎಂದು ಅವರಿಗೆ ಅನ್ನಿಸಿದರೆ, ಬಂದು ನೋಡು ಎಂದು ಕರೆಯುತ್ತಾರೆ. ಅನ್ನಿಸದಿದ್ದರೆ ಮತ್ತೆ ಫೋಟೊ.

"ಹನ್ನೆರಡ ನಕಲ ಬೇಕ ಆತ್ಯಾ," ಎಂದಳು. ಅತ್ತೆಯಾದ ನನ್ನನ್ನು ಅವಳು ಕರೆಯುವುದು ಹಾಗೆ. "ಹಾಲ್‌ನ್ಯಾಗ ಸಾಲಿಗೊಂದೆರಡ ಕೊಟ್ಟ ಮಾತಾಡಾಕಿ ನಾ. ಹೆಂಗೈತಿ ಹಂಗ ಮಾಡ್ರಿ. ನಿಮ್ಮಷ್ಟ ಚಂದ ಯಾರೂ ಮಾಡಂಗಿಲ್ಲ."

ಆ ಕೊನೆಯ ಮಾತೊಂದು ನನ್ನ ತಲೆಯಲ್ಲಿ ಉಳಿಯಿತು. ಅದಕ್ಕೂ ಮೊದಲು ಹೇಳಿದ್ದು ಉಳಿಯಲಿಲ್ಲ.

ಪ್ರೊಫೆಸರು ಕೊಟ್ಟಿದ್ದ ನಕಲು, ನನ್ನ ಹನ್ನೆರಡಕ್ಕೂ ಮೂಲವಾಗಬೇಕಾದದ್ದು, ಕೊರಿಯರ್‌ನಲ್ಲಿ ಬಂತು. ಟವಲಿನಲ್ಲಿ ಸುತ್ತಿದ್ದರು. ಬಿಚ್ಚಿದೆ. ಜವಾರಿ ಬಾಳೆಹಣ್ಣಿನಷ್ಟು ಉದ್ದ, ಅಷ್ಟೇ ದಪ್ಪ, ಸ್ವಲ್ಪ ಬಾಗಿದ್ದು, ಕಂದು ಬಣ್ಣದ್ದು. "ಎಲುಬಲ್ಲ ಹೌದಿಲ್ಲ?" ಎಂದು ಅವ್ವ ಬಾಗಿಲಲ್ಲೇ ನಿಂತು ಕೇಳಿದಳು. ಅಲ್ಲ, ನಿನ್ನ ಬಾಯಲ್ಲಿರುವ ಜಾತಿಯದೇ ಎಂದ ಮೇಲೆ ಒಳಗೆ ಬಂದು ಮುಟ್ಟಿ ನೋಡಿದಳು. "ಇದರ ಕವಳಿ ಮಾಡಬೇಕಂದ್ರ ನಿನ್ನ ಖೋಲಿ ಸಾಲಂಗಿಲ್ಲ," ಎಂದು ನಕ್ಕಳು.

ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಭ್ಯಾಸಬಲದಿಂದ ಹತ್ತಿ ತೆಗೆದುಕೊಂಡು ಸವರಿದೆ. ಎರಡೂ ಅಂಚಿನ ಉದ್ದಕ್ಕೂ ಎಳೆ ಸಿಕ್ಕಿಕೊಂಡವು. ಒಂದಲ್ಲ ಎರಡಲ್ಲ, ಸಾಲಾಗಿ. ಯಾವನೋ ಬೇಜವಾಬ್ದಾರಿ ಮನುಷ್ಯ ಅಚ್ಚಿನಿಂದ ತೆಗೆದವನು ಅಂಚು ಹಸನು ಮಾಡದೆ ಕಳಿಸಿದ್ದಾನೆ ಎಂದುಕೊಂಡೆ. ಇಂಥದ್ದರಿಂದ ಹನ್ನೆರಡು ತೆಗೆದು ಕೊಟ್ಟರೆ ಜನ ನನ್ನನ್ನು ಏನೆನ್ನುತ್ತಾರೆ? ಹುಡುಗಿಯ ಮೊದಲ ಸಭೆ, ಅತ್ತೆ ಮಾಡಿದ್ದು ಒರಟು ಎಂದು ಯಾರೂ ಅನ್ನಬಾರದು. ಚಕ್ರ ಹಚ್ಚಿದೆ. ಒದ್ದೆ ಪುಡಿ ಹಾಕಿ ಎರಡೂ ಅಂಚನ್ನು ಉಜ್ಜಿದೆ. ಹತ್ತಿ ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರುವವರೆಗೆ ಉಜ್ಜಿದೆ. ತುದಿಯಲ್ಲಿ ಒಂದು ಓರೆಯಾದ ಚಪ್ಪಟೆ ಜಾಗವಿತ್ತು, ಕಡಲೆಬೇಳೆಯಷ್ಟು. ಅದಕ್ಕೆ ಮಾತ್ರ ಚಕ್ರ ತಾಗಿಸಲಿಲ್ಲ. ಯೋಚಿಸಿ ಬಿಟ್ಟಿದ್ದಲ್ಲ, ಕೈ ತಾನಾಗಿಯೇ ಅಲ್ಲಿಂದ ಸರಿಯಿತು. ಆಮೇಲೆ ಅಚ್ಚು ತೆಗೆದು, ಮೂರು ದಿನ ಕೂತು ಹನ್ನೆರಡು ನಕಲು ಮಾಡಿದೆ. ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದಾಗ ನನಗೆ ಆದ ಸಂತೋಷ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಸಭೆಯ ಹಿಂದಿನ ದಿನ ಮಧ್ಯಾಹ್ನ ಹುಡುಗಿ ಬಂದಳು. ಚೀಲ ಇಳಿಸುವ ಮೊದಲೇ ಒಂದು ಹಲ್ಲು ಎತ್ತಿಕೊಂಡು ಅಂಚಿನ ಮೇಲೆ ಉಗುರು ಎಳೆದಳು. ಮತ್ತೊಂದು ಎತ್ತಿಕೊಂಡಳು. ಮೂಲವನ್ನು ಹುಡುಕಿ ತೆಗೆದು ಅದರ ಮೇಲೂ ಉಗುರು ಎಳೆದಳು. ಅವಳ ಮುಖ ಬಿಳುಚಿತು.

"ಆತ್ಯಾ, ಹೇ ಕಾಯ್ ಕೇಲಂತ?" ಎಂದಳು. ಇದೇನು ಮಾಡಿಬಿಟ್ಟಿರಿ ಎಂದು.

"ಏನ ಮಾಡೇನಿ? ಒರಟ ಇತ್ತು, ಹಸನ ಮಾಡೇನಿ."

"ಅದ ಒರಟಲ್ಲರಿ. ಅದ ಗರಗಸ. ಆ ಪ್ರಾಣಿ ಹಲ್ಲಿಗೆ ಅಂಚಿನ್ಯಾಗ ಸಣ್ಣ ಸಣ್ಣ ಗರಗಸದ ಹಲ್ಲ ಇರತಾವ. ಅವು ಎಲ್ಲಿ ಸವದಾವ, ಎಲ್ಲಿ ಉಳದಾವ ಅನ್ನೂದ ನನ್ನ ಭಾಷಣ. ಅದನ್ನ ಉಜ್ಜಿಬಿಟ್ಟೀರಿ ನೀವು. ನಮ್ಮ ಸರ್ ಕೊಟ್ಟ ಮೂಲಾನೂ ಉಜ್ಜಿಬಿಟ್ಟೀರಿ."

ತಪ್ಪಾಯಿತು ಎಂದು ಆಗಲೇ ಅಂದಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿ ಹಾಗಿಲ್ಲ. ಮೊದಲೇ ಸರಿಯಾಗಿ ಹೇಳಲು ನಿನಗೇನಾಗಿತ್ತು, ಹನ್ನೆರಡು ಮಾಡಿ ಕೊಟ್ಟವಳಿಗೆ ಇದೇ ಮರ್ಯಾದೆಯೇ ಎಂದು ಕೂಗಾಡಿದೆ. ಅವಳೂ ಬಿಡಲಿಲ್ಲ. "ಹೆಂಗೈತಿ ಹಂಗ ಅಂತ ಹೇಳಿದ್ನಲ್ಲರಿ. ನಿಮಗ ಯಾವುದೂ ಹೆಂಗೈತಿ ಹಂಗ ಇರಬಾರದು. ಸಣ್ಣಾಕಿ ಇದ್ದಾಗ ನನ್ನ ಮಾತನ್ನೂ ಹಿಂಗ ಉಜ್ಜತಿದ್ರಿ. ಜೋರ ಮಾತಾಡಬ್ಯಾಡ, ಎದುರ ಮಾತಾಡಬ್ಯಾಡ," ಎಂದಳು. ಅಂದವಳು ಅಡಿಗೆಮನೆಗೆ ಹೋಗಿ ಅಳುತ್ತ ಕೂತಳು.

ಅವ್ವ ನನ್ನ ಮುಂದೆ ಬಂದು ನಿಂತಳು. "ಗಣಪತಿ ಮಾಡಂದ್ರ ಅವರಪ್ಪನ್ನ ಮಾಡಿ ಕುಂತೀಯಲ್ಲ. ಮ್ಯಾಲ ಮತ್ತ ಸಿಟ್ಟ ಬ್ಯಾರೆ." ಹುಡುಗಿ ಅಂದಿದ್ದು ಸುಳ್ಳಾಗಿರಲಿಲ್ಲ. ಆ ಮಧ್ಯಾಹ್ನದಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿಲ್ಲ. ಅಡಿಗೆಮನೆಗೆ ಹೋಗಿ ಅವಳ ಪಕ್ಕ ಕೂತೆ. ತಪ್ಪು ನನ್ನದು, ನಿನ್ನ ಸರ್‌ಗೆ ನಾನೇ ಹೇಳುತ್ತೇನೆ, ನೀನು ಬಾಯಿ ತೆಗೆಯಬೇಡ ಎಂದೆ. ಅವಳು ಮೂಗು ಒರೆಸಿಕೊಂಡು ನನ್ನ ತೋಳಿಗೆ ತಲೆ ಆನಿಸಿದಳು.

ಮರುದಿನ ಬೆಳಿಗ್ಗೆ ಪ್ರೊಫೆಸರು ಪುಣೆಯ ಗಾಡಿಯಿಂದ ಮಿರಜ ಜಂಕ್ಷನ್ನಿನಲ್ಲಿ ಇಳಿದರು. ಪ್ಲಾಟ್‌ಫಾರಮ್ಮಿನ ಮೇಲೆಯೇ, ಚಹಾದ ಅಂಗಡಿಯ ಪಕ್ಕ ನಿಲ್ಲಿಸಿಕೊಂಡು, ಟವಲು ಬಿಚ್ಚಿ ತೋರಿಸಿ ಎಲ್ಲ ಹೇಳಿದೆ. ಅವರು ಮರಾಠಿಯವರು, ನಾನು ಹೇಳಿದ್ದೂ ಮರಾಠಿಯಲ್ಲಿ. ಸಿಟ್ಟಾಗುತ್ತಾರೆ ಎಂದು ಕಾದೆ. ಅವರು ಕನ್ನಡಕ ಹಣೆಗೇರಿಸಿ ಹಲ್ಲನ್ನು ಮೂಗಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. ಇಷ್ಟೆಲ್ಲ ಉಜ್ಜಿದವರು ತುದಿಯ ಈ ಚಪ್ಪಟೆ ಜಾಗವನ್ನು ಯಾಕೆ ಬಿಟ್ಟಿರಿ?

ಕಚ್ಚುವ ಮುಖಕ್ಕೆ ನಾವು ಕೈ ಹಚ್ಚುವುದಿಲ್ಲ, ಅದು ಪೇಶಂಟಿನ ಸ್ವಂತದ್ದು ಎಂದೆ.

ಅವರು ಜೋರಾಗಿ ನಕ್ಕರು. ಕೂಲಿಗಳು ತಿರುಗಿ ನೋಡಿದರು. ತಾವು ವಿದ್ಯಾರ್ಥಿಯಾಗಿದ್ದಾಗ ಒಂದು ಪಳೆಯುಳಿಕೆಯ ಮೇಲಿನ ಮಣ್ಣನ್ನು ಚೊಕ್ಕವಾಗಿ ತೊಳೆದು, ಆ ಮಣ್ಣಿನಲ್ಲೇ ಇದ್ದ ಚರ್ಮದ ಗುರುತನ್ನು ಮೋರಿಗೆ ಬಿಟ್ಟ ಕಥೆ ಹೇಳಿದರು. ಅದು ನಕಲೂ ಆಗಿರಲಿಲ್ಲ, ನಿಜವಾದದ್ದು. ಇದು ನಕಲು ತಾನೇ, ಇನ್ನೊಂದು ತರಿಸೋಣ ಎಂದರು. ಇವತ್ತಿಗೆ ಏನು ಮಾಡುವುದು ಎಂಬುದನ್ನು ಭಾಷಣ ಮಾಡುವವಳು ತೀರ್ಮಾನಿಸಲಿ ಎಂದೂ ಅಂದರು. ಬೈಯುವ ಹಕ್ಕು ಪೂರಾ ಇದ್ದೂ ಬೈಯದೆ ಇರುವವರನ್ನು ನಾನು ಬಹಳ ಜನ ನೋಡಿಲ್ಲ. ನಾನಂತೂ ಆ ಪೈಕಿಯವಳಲ್ಲ. ಚಹಾ ನಾನು ಕೊಡಿಸಿದೆ.

ಹುಡುಗಿಗೆ ಸುದ್ದಿ ಮುಟ್ಟಿಸಿದಾಗ ಅವಳು ಆಗಲೇ ಸೀರೆ ಉಟ್ಟು ತಯಾರಾಗಿದ್ದಳು. ಉಜ್ಜಿದ ಹಲ್ಲುಗಳನ್ನೇ ಒಯ್ಯುತ್ತೇನೆ, ಮೊದಲಿನ ಫೋಟೊ ಪರದೆಯ ಮೇಲೆ ತೋರಿಸುತ್ತೇನೆ, ಏನಾಯಿತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ ಎಂದಳು. ನನಗೆ ಬೇಡ ಎನ್ನುವ ಆಸೆ ಬಂತು. ನುಂಗಿಕೊಂಡೆ. ಅವ್ವನೂ ಹೊಸ ಇಳಕಲ್ ಉಟ್ಟು ಹೊರಟು ನಿಂತಿದ್ದಳು.

ಸಾಂಗ್ಲಿಯ ಹಾಲಿನಲ್ಲಿ ನಲವತ್ತು ಜನ ಇದ್ದಿರಬಹುದು. ಎದುರಿಗೆ ದೊಡ್ಡ ಪರದೆ, ಅದರಲ್ಲಿ ಚೌಕ ಚೌಕವಾಗಿ ಪರದೇಶದ ಮುಖಗಳು. ನಮಗೆ ಸಂಜೆ, ಅವರಿಗೆ ಬೆಳಗು. ಕೆಲವರು ನಾಷ್ಟಾ ಮಾಡುತ್ತಲೇ ಟೈರನೋಸಾರ್ ಬಗ್ಗೆ ಮಾತಾಡುತ್ತಿದ್ದರು. ಹುಡುಗಿ ಸಂಘಟಕರಿಗೆ ಹೇಳಿ ನಮ್ಮಿಬ್ಬರಿಗೆ ಐದೂವರೆಗೇ ಊಟ ಇಡಿಸಿದ್ದಳು, ಹೊತ್ತು ಮುಳುಗುವ ಮೊದಲು. ಅಷ್ಟು ಹೆದರಿಕೆಯ ದಿನದಲ್ಲೂ ಅವಳಿಗೆ ಅದು ನೆನಪಿತ್ತು. ನಾನು ಚಪಾತಿ ಮುರಿಯುತ್ತ ಕಣ್ಣು ಒರೆಸಿಕೊಂಡೆ. ಖಾರ ಜಾಸ್ತಿ ಎಂದು ಅವ್ವನಿಗೆ ಹೇಳಿದೆ.

ಅವಳ ಸರದಿ ಬಂತು. ಇಂಗ್ಲಿಷಿನಲ್ಲಿ ಮಾತಾಡಿದಳು. ನನಗೆ ಅರ್ಧ ತಿಳಿಯಿತು, ಉಳಿದದ್ದನ್ನು ಪಕ್ಕದಲ್ಲಿದ್ದ ಪ್ರೊಫೆಸರು ಪಿಸುಮಾತಿನಲ್ಲಿ ಹೇಳಿದರು. ನನ್ನ ತಪ್ಪಿನ ಮಾತು ಬಂದಾಗ ಹಾಲಿನಲ್ಲಿ ನಗೆ ಎದ್ದಿತು, ಪರದೆಯ ಮೇಲೂ. ಕೆಟ್ಟ ನಗೆಯಾಗಿರಲಿಲ್ಲ. ಜನ ಕೈಯಲ್ಲಿದ್ದ ಹಲ್ಲಿನ ನುಣುಪು ಅಂಚಿನ ಮೇಲೆ ಉಗುರು ಎಳೆದು, ಪರದೆಯ ಮೇಲಿನ ಗರಗಸದ ಫೋಟೊ ನೋಡಿ, ಏನು ಕಳೆದುಹೋಗಿದೆ ಎಂದು ತಿಳಿದುಕೊಂಡರು. ಅವಳು ಹೇಳಿದ್ದರ ಸಾರಾಂಶ ಇಷ್ಟು. ಅಂಚಿನ ಗರಗಸದ ಸವೆತ ನೋಡಿ ಆ ಪ್ರಾಣಿ ಎಷ್ಟು ಎಲುಬು ಕಡಿಯುತ್ತಿತ್ತು ಎಂದು ಹೇಳಬಹುದು, ಆದರೆ ತುದಿಯ ಚಪ್ಪಟೆ ಸವೆತವನ್ನು ಆ ಲೆಕ್ಕಕ್ಕೆ ಹಿಡಿಯಬಾರದು, ಅದು ಹಲ್ಲಿಗೆ ಹಲ್ಲು ತಾಗಿ ಆದದ್ದು.

ಮಾತು ಮುಗಿದ ಮೇಲೆ ಪರದೆಯ ಮೇಲೆ ಒಬ್ಬ ಬಿಳಿಕೂದಲಿನ ಹೆಂಗಸು ಕೈ ಎತ್ತಿದರು. ಕಪಾಟಿನ ಬೀಗದವರು ಇವರೇ ಎಂದು ಪ್ರೊಫೆಸರು ಪಿಸುಗುಟ್ಟಿದರು. ಅವರ ಪ್ರಶ್ನೆ ಚಿಕ್ಕದು. ತುದಿಯ ಸವೆತ ಎಲುಬಿನಿಂದಾದದ್ದಲ್ಲ, ಹಲ್ಲಿನಿಂದಾದದ್ದು ಎಂದು ಇಷ್ಟು ಖಚಿತವಾಗಿ ಹೇಳುತ್ತಿದ್ದೀಯಲ್ಲ, ನಿನಗೆ ಹೇಗೆ ಗೊತ್ತು?

ಹುಡುಗಿ ಕಾಗದ ತಿರುವಿದಳು. ಅವಳಿಗೆ ಅದು ಯಾವ ಪುಸ್ತಕದಿಂದಲೂ ಗೊತ್ತಾಗಿರಲಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ನನ್ನ ಮೇಜಿನ ಮೂಲೆಯಲ್ಲಿ ಕೂತು ಗೊತ್ತಾಗಿತ್ತು. ಅದು ಅವಳಿಗೂ ಆ ಕ್ಷಣದಲ್ಲೇ ಹೊಳೆದಿರಬೇಕು, ಹೆದರಿದ ಮುಖ ಎತ್ತಿ ನನ್ನ ಕಡೆ ನೋಡಿದಳು. ನಾನು ಎದ್ದು ನಿಂತೆ. ಏನು ಹೇಳುವುದು ಗೊತ್ತಿತ್ತು, ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಒಂದು ಹಳೆಯ ಸೆಟ್ಟನ್ನಾದರೂ ಚೀಲದಲ್ಲಿ ಹಾಕಿಕೊಂಡು ಬರಬಾರದಿತ್ತೇ ಎಂದು ನನ್ನನ್ನೇ ಬೈದುಕೊಂಡೆ.

ಅವ್ವ ನನ್ನ ಸೆರಗು ಜಗ್ಗಿದಳು. "ಏನ ಕೇಳಾಕತ್ತ್ಯಾರ ಅವರು?"

"ಹಲ್ಲ ಹಲ್ಲಿಗೆ ತಾಕಿ ಸವದ್ರ ಹೆಂಗಿರತೈತಿ ಅಂತ. ತೋರಸಾಕ ಏನೂ ಇಲ್ಲ ಅವ್ವಾ."

ಅವ್ವ ಒಮ್ಮೆ ಪರದೆಯನ್ನು ನೋಡಿದಳು, ಒಮ್ಮೆ ವೇದಿಕೆಯ ಮೇಲೆ ನಿಂತಿದ್ದ ಮೊಮ್ಮಗಳನ್ನು ನೋಡಿದಳು. ಆಮೇಲೆ ತಲೆ ಬಗ್ಗಿಸಿ, ನಲವತ್ತು ಜನರ ಮುಂದೆ, ಸಮುದ್ರದಾಚೆಯವರ ಮುಂದೆ, ಬಾಯಿಂದ ಮೇಲಿನ ಸೆಟ್ಟು ತೆಗೆದಳು, ಕೆಳಗಿನದೂ ತೆಗೆದಳು. ಹೊಸ ಇಳಕಲ್ಲಿನ ಸೆರಗಿನಿಂದ ಎರಡನ್ನೂ ಒರೆಸಿ ನನ್ನ ಕೈಗಿಟ್ಟಳು. ಸೆರಗನ್ನು ಬಾಯಿಗೆ ಒಯ್ಯಲಿಲ್ಲ. ಗುಳಿಬಿದ್ದ ಬಾಯಿಯಿಂದಲೇ, ಮಾತು ತೊದಲುತ್ತ, ಅಂದಳು: "ಹೋಗು. ತೋರಸು."

ನಾನು ವೇದಿಕೆ ಹತ್ತಿದ್ದು, ಕ್ಯಾಮೆರಾದ ಮುಂದೆ ಅವ್ವನ ಹಲ್ಲು ಹಿಡಿದದ್ದು ಕನಸಿನಲ್ಲಿ ಮಾಡಿದ ಹಾಗಿದೆ. ಆದರೆ ಹೇಳಿದ್ದು ಅಕ್ಷರ ಅಕ್ಷರ ನೆನಪಿದೆ. ಕನ್ನಡದಲ್ಲಿ ಹೇಳಿದೆ, ಹುಡುಗಿ ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಂದಳು. "ಇಲ್ಲಿ ನೋಡ್ರಿ, ಇದ ಚಪ್ಪಟೆ ಐತಿ, ಕನ್ನಡಿಗತೆ ಹೊಳಿತೈತಿ. ಇದಕ್ಕ ಮ್ಯಾಲಿನ ಹಲ್ಲ ತಾಕತೈತಿ. ಹಿಂಗ ಎರಡೂ ಕೂಡಿಸಿದ್ರ ಸರಿಯಾಗಿ ಕುಂದ್ರತಾವ. ಇಲ್ಲಿ ನೋಡ್ರಿ, ಇದ ಗುಂಡಗ ಐತಿ. ಇದಕ್ಕ ಯಾವ ಹಲ್ಲೂ ತಾಕಂಗಿಲ್ಲ. ಇದು ಹನ್ನೆರಡ ವರ್ಷ ಕಟಕ್ ರೊಟ್ಟಿ ತಿಂದು ಆಗಿದ್ದು. ನಿಮ್ಮ ಪ್ರಾಣಿ ಹಲ್ಲಿನ ತುದಿ ಚಪ್ಪಟೆ ಐತಿ. ನಾ ಕೈ ಹಚ್ಚಿಲ್ಲ, ಹೆಂಗಿತ್ತ ಹಂಗ ಐತಿ."

ಆ ಹೆಂಗಸು ಪರದೆಗೆ ಮುಖ ಹತ್ತಿರ ತಂದು ನೋಡಿದರು. ಬಹಳ ಹೊತ್ತು ನೋಡಿದರು. ಮನುಷ್ಯರ ಕವಳಿ ಟೈರನೋಸಾರ್ ಅಲ್ಲ, ಇದು ಸಾಕ್ಷಿಯಾಗುವುದಿಲ್ಲ ಎಂದರು. ನನಗೆ ಸಿಟ್ಟು ಬರುವುದರಲ್ಲಿತ್ತು, ಅಷ್ಟರಲ್ಲಿ ಮಾತು ಮುಂದುವರಿಸಿದರು. ಆದರೆ ನೋಡುವ ಕ್ರಮ ಸರಿಯಾಗಿದೆ, ಮೇಲಿನ ಹಲ್ಲು ಕೆಳಗಿನ ಹಲ್ಲು ಎರಡೂ ಉಳಿದಿರುವ ದವಡೆಗಳಲ್ಲಿ ಕೂಡಿಸಿ ನೋಡಬೇಕು, ಅಂಥವು ನಮ್ಮ ಕಪಾಟಿನಲ್ಲಿವೆ, ಎಂದರು. ಕೊನೆಗೆ, ಆ ಹಲ್ಲು ಯಾರದು ಎಂದು ಕೇಳಿದರು. ಹುಡುಗಿ ಮೊದಲ ಸಾಲಿನ ಕಡೆ ಕೈ ತೋರಿಸಿ, ನಮ್ಮ ಅಜ್ಜಿಯದು, ಎಂದಳು. ಪರದೆಯ ಮೇಲಿನ ಚೌಕಗಳಲ್ಲಿ ಒಬ್ಬೊಬ್ಬರಾಗಿ ಚಪ್ಪಾಳೆ ತಟ್ಟಿದರು. ಅವ್ವ ಎದ್ದು ನಿಂತು ಕೈ ಮುಗಿದಳು. ಆಮೇಲೆ ನನ್ನ ಕಡೆ ತಿರುಗಿ, ಇನ್ನು ಸಾಕು ಕೊಡು ಎಂದು ಕೈ ಚಾಚಿದಳು.

ಮನೆಗೆ ಬರುವಾಗ ರಿಕ್ಷಾದಲ್ಲಿ ನಾನು ಅವ್ವನನ್ನು, ನಿನಗೆ ನಾಚಿಕೆ ಆಗಲಿಲ್ಲವೇ ಎಂದು ಕೇಳಿದೆ. "ಆತು. ಆದ್ರ ಹುಡುಗಿ ಮಾರಿ ನೋಡಿದ್ಯಾ?" ಎಂದಳು, ಅಷ್ಟೇ.

ಕೆಲವು ವಾರದ ಮೇಲೆ ಪತ್ರ ಬಂತು. ಬಂದು ಕಪಾಟು ನೋಡು, ಬರುವಾಗ ಆ ಉಜ್ಜಿದ ಹಲ್ಲು ಒಂದನ್ನು ತಾ, ನಮ್ಮಲ್ಲಿ ಹೊಸದಾಗಿ ಸೇರುವ ಮಕ್ಕಳಿಗೆ ತೋರಿಸಲು ಬೇಕು ಎಂದು ಬರೆದಿದ್ದರು. ನನ್ನ ತಪ್ಪು ಈಗ ಆ ಮ್ಯೂಜಿಯಮ್ಮಿನಲ್ಲಿದೆ. ಉಳಿದವುಗಳಲ್ಲಿ ಒಂದನ್ನು ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಹೊಸ ಕೆಲಸ ಬಂದಾಗ ಚಕ್ರ ಹಚ್ಚುವ ಮೊದಲು ಅದನ್ನೊಮ್ಮೆ ನೋಡುತ್ತೇನೆ. ಆ ಪ್ರೊಫೆಸರಿಗೆ, ಆ ಬಿಳಿಕೂದಲಿನ ಹೆಂಗಸಿಗೆ, ನಗುತ್ತ ನನ್ನನ್ನು ಕ್ಷಮಿಸಿದ ಆ ಚೌಕಗಳೊಳಗಿನ ಜನರಿಗೆ ನಾನು ಋಣಿ. ಜಗಳ ಆಡಲೆಂದೇ ಕೂಡುವ ಜನ ಅಷ್ಟು ಒಳ್ಳೆಯವರಾಗಿರುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ.

ಹುಡುಗಿ ಅಲ್ಲಿಗೆ ಹೋದ ಮೂರನೆಯ ದಿನ ಸಂಜೆ ವಿಡಿಯೊ ಕರೆ ಬಂತು. ಅವತ್ತು ಅವ್ವನ ಸೆಟ್ಟು ನನ್ನ ಕೋಣೆಯಲ್ಲಿತ್ತು, ಒಳಗೆ ಸಡಿಲಾಗಿದೆ ಎಂದು ಸರಿಮಾಡಲು ಇಟ್ಟುಕೊಂಡಿದ್ದೆ. ಮೊದಲಾಗಿದ್ದರೆ ಅವ್ವ ಫೋನಿನ ಹತ್ತಿರವೂ ಬರುತ್ತಿರಲಿಲ್ಲ. ಅವತ್ತು ನನ್ನನ್ನು ಪಕ್ಕಕ್ಕೆ ಸರಿಸಿ, ಬೊಚ್ಚು ಬಾಯಿಯಿಂದ ನಗುತ್ತ ಫೋನಿಗೆ ಮುಖ ಕೊಟ್ಟು ಕೂತಳು. ಹುಡುಗಿ ಒಂದು ಕ್ಷಣ ಅಜ್ಜಿಯನ್ನೇ ನೋಡಿದಳು. ಆಮೇಲೆ ಒಂದು ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದಳು. ಒಳಗೆ ಹತ್ತಿ ಹಾಸಿದ್ದರು, ಹತ್ತಿಯ ಮೇಲೆ ಹಲ್ಲು. ನಿಜವಾದದ್ದು. ಎರಡೂ ಕೈಯಿಂದ ಅದನ್ನು ಮೆಲ್ಲಗೆ ಎತ್ತಿದಳು. ಹಾಸಿದ ಹತ್ತಿಯೂ ಜೊತೆಗೇ ಎದ್ದು ಬಂತು. ಅಂಚಿನ ಉದ್ದಕ್ಕೂ ಎಳೆಗಳು ಸಾಲಾಗಿ ಸಿಕ್ಕಿಕೊಂಡಿದ್ದವು.

"ನೋಡ್ರಿ ಆತ್ಯಾ," ಎಂದಳು. "ಇನ್ನೂ ಹತ್ತಿ ಹಿಡಿತೈತಿ."

ನನ್ನ ಕೈ ತಾನಾಗಿ ಎದ್ದು ಫೋನಿನ ಗಾಜಿನ ಮೇಲೆ ಆ ಅಂಚನ್ನು ಸವರಿತು. ಅವ್ವ ನನ್ನ ಕೈ ಹಿಡಿದು ಕೆಳಗಿಳಿಸಿದಳು.

"ಮುಟ್ಟಬ್ಯಾಡ," ಎಂದಳು. "ಹೆಂಗೈತಿ ಹಂಗ ಇರಲಿ."